ಇಗರ್ಜಿಯ ಕಲ್ಲಿನ ಐದನೆಯ ಸಾಲು

ಕುಮಟಾದಲ್ಲಿ ಸುಮಾ ಎಂಬ ಹುಡುಗಿಯೊಬ್ಬಳು ಕಲ್ಲಿನ ಮೇಲೆ ಅಕ್ಷರ ಕೊರೆಯುವ ಅಂಗಡಿ ಹಾಕಿದ್ದಾಳೆ. ಉಳಿ ಇಲ್ಲ, ಸುತ್ತಿಗೆ ಇಲ್ಲ, ಒಂದು ಕಂಪ್ಯೂಟರು, ಒಂದು ಯಂತ್ರ. ನಾನು ಆ ದಾರಿಯಲ್ಲಿ ಹೋದಾಗೆಲ್ಲ ಕರೆದು ಕೂರಿಸಿ ಚಹಾ ಕೊಡುತ್ತಾಳೆ. ಒಂದು ದಿನ ಹೇಳಿದಳು:

"ತಿಮ್ಮಪ್ಪಜ್ಜ, ಇಷ್ಟು ವರ್ಷ ನೀವು ಎಂತೆಂತ ಮಾಡಿದ್ರಿ, ಬರ್ದು ಕೊಡಿ. ನಂಗೆ ಉಪಯೋಗ ಆಗ್ತದೆ."

"ನಾ ಮಾಡಿದ್ದು ತಪ್ಪೇ ಜಾಸ್ತಿ, ತಂಗಿ."

"ಹಾಂಗಾರೆ ಅದ್ನೇ ಬರೀರಿ."

ಹಾಗಾಗಿ ಬರೆಯುತ್ತಿದ್ದೇನೆ. ನಲವತ್ತು ವರ್ಷಕ್ಕೂ ಮಿಕ್ಕಿ ಹೊನ್ನಾವರ, ಕುಮಟಾ, ಭಟ್ಕಳ ಈ ಮೂರು ತಾಲೂಕಿನಲ್ಲಿ ಶಂಕುಸ್ಥಾಪನೆಯ ಕಲ್ಲು, ದೇವಸ್ಥಾನದ ದಾನಿಗಳ ಫಲಕ, ಗೋರಿಯ ಕಲ್ಲು, ಬಾವಿಕಟ್ಟೆಯ ಕಲ್ಲು ಎಲ್ಲವನ್ನೂ ಕೆತ್ತಿದೆ. ಮಣಿಕಟ್ಟು ನಡುಗಲು ಶುರುವಾದ ಮೇಲೆ ಬಿಟ್ಟೆ. ಕೈ ನಡುಗುವವನು ಚಹಾದ ಲೋಟ ಹಿಡಿಯಬಹುದು, ಉಳಿ ಹಿಡಿಯಬಾರದು.

ನಮ್ಮ ಊರು ಕಾಗಾಲ. ಮನೆಯಲ್ಲಿ ಗದ್ದೆ ಕೆಲಸ. ನನಗೆ ಅಕ್ಷರ ಚೆನ್ನಾಗಿದೆ ಎಂದು ಮಾಸ್ತರರು ಹೇಳಿದ್ದೇ ನೆಪವಾಗಿ ಕುಮಟಾದ ನಾಗೇಶ ಆಚಾರ್ರ ಹತ್ತಿರ ಕೆಲಸಕ್ಕೆ ಸೇರಿದೆ. ಆಚಾರ್ರು ಕೋಪಿಷ್ಠರು, ಆದರೆ ಕೋಪ ಬಂದಾಗ ಧ್ವನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಅವರು ಪಿಸುಗುಟ್ಟಿದರೆ ನಾವು ಉಳಿ ಕೆಳಗಿಡುತ್ತಿದ್ದೆವು. ಅವರು ಕಲಿಸಿದ ಮೊದಲ ಪಾಠ, ಕೆತ್ತುವಾಗ ಅರ್ಥ ನೋಡಬೇಡ ಎಂದು. ಅರ್ಥ ನೋಡಿದರೆ ಕಣ್ಣು ಮುಂದಿನ ಪದಕ್ಕೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ, ಅಕ್ಷರ ಬಿಟ್ಟು ಹೋಗುತ್ತದೆ. ಒಂದೊಂದೇ ಅಕ್ಷರವನ್ನು ಚಿತ್ರದಂತೆ ನೋಡಬೇಕು. ಎರಡನೆಯ ಪಾಠ, ಕಲ್ಲಿನ ಮೇಲೆ ಸಾಲು ಖಾಲಿ ಬಿಡಬಾರದು.

"ಖಾಲಿ ಬಿಟ್ಯೋ, ನಾಳೆ ಯಾರೋ ಬಂದು ಮೊಳೆಯಲ್ಲಿ ಹುಡುಗೀ ಹೆಸ್ರು ಗೀಚ್ತಾನೆ. ಬೈಗುಳ ಬೀಳೂದು ನಂಗೆ" ಎನ್ನುತ್ತಿದ್ದರು.

ಎರಡೂ ಒಳ್ಳೆಯ ಪಾಠಗಳೇ. ಎರಡರಿಂದಲೂ ನಾನು ಕೆಟ್ಟೆ.

ಮೊದಲು ನಗುವ ಸಂಗತಿ. ಒಂದು ಊರಿನಲ್ಲಿ ಹಳ್ಳ ದಾಟುವ ಕಾಲುಸಂಕದ ಉದ್ಘಾಟನೆಯ ಕಲ್ಲು. ಊರಿನ ಮುಖಂಡರು ಇಬ್ಬರು, ಇಬ್ಬರಿಗೂ ತಮ್ಮ ಹೆಸರು ಮೇಲಿರಬೇಕು. ಬೆಳಿಗ್ಗೆ ಒಬ್ಬರ ಕಡೆಯವರು ಚೀಟಿ ತಂದರೆ ಮಧ್ಯಾಹ್ನ ಇನ್ನೊಬ್ಬರ ಕಡೆಯವರು. ಆಚಾರ್ರು ಎರಡು ಚೀಟಿಯನ್ನೂ ನೋಡಿ, ಕಲ್ಲನ್ನು ದುಂಡಗೆ ಕಡಿಯಲು ಹೇಳಿದರು. ಹೆಸರುಗಳನ್ನು ಅಂಚಿನ ಸುತ್ತ ಕೆತ್ತಿಸಿದರು. ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ. ಮುಖಂಡರು ಇಬ್ಬರೂ ಖುಷಿಯಾದರು, ಇಬ್ಬರಿಗೂ ತಾವೇ ಮೊದಲು ಎಂದು ಓದಿಕೊಳ್ಳಲು ಬಂತು. ಸಮಾರಂಭದ ದಿನ ಅದನ್ನು ಗಟ್ಟಿಯಾಗಿ ಓದಬೇಕಾಗಿದ್ದ ಶಾಲೆಯ ಮಾಸ್ತರರು ಮಾತ್ರ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಕುತ್ತಿಗೆ ತಿರುಗಿಸುತ್ತಾ ನಿಂತುಬಿಟ್ಟರು. ಆ ಕಲ್ಲು ಈಗಲೂ ಅಲ್ಲೇ ಇದೆ.

ಇನ್ನೊಂದು ಭಟ್ಕಳದ್ದು. ಒಬ್ಬ ವಯಸ್ಸಾದ ಸಾಹೇಬರು ಹೆಂಡತಿಯ ಗೋರಿಗೆ ತಲೆಯ ಹತ್ತಿರ ನಿಲ್ಲಿಸುವ ಕಲ್ಲು ಬೇಕೆಂದರು. ಹೆಸರು ಮಾತ್ರ, ಬೇರೆ ಏನೂ ಬೇಡ ಎಂದು ಎರಡೆರಡು ಸಲ ಹೇಳಿ ಹೋದರು. ನಾನಾಗ ಹೊಸದಾಗಿ ಬಳ್ಳಿ ಕೆತ್ತಲು ಕಲಿತಿದ್ದೆ. ಪಾಪ, ಹೆಂಡತಿಯ ಕಲ್ಲು, ಇಷ್ಟು ಬೋಳಾಗಿದ್ದರೆ ಹೇಗೆ ಎನಿಸಿ ಸುತ್ತಲೂ ಮಲ್ಲಿಗೆಯ ಬಳ್ಳಿ ಬಿಡಿಸಿ ಕೆತ್ತಿದೆ. ಅವರು ಬಂದು ನೋಡಿ ಬಳ್ಳಿಯ ಮೇಲೆ ಒಮ್ಮೆ ಕೈಯಾಡಿಸಿದರು.

"ಬಹಳ ಚೆಂದ ಮಾಡಿದ್ದೀರಿ. ಇದನ್ನ ನಿಮ್ಮ ಮನೆಯಲ್ಲಿ ಇಟ್ಕೊಳ್ಳಿ. ನಂಗೆ ನಾನು ಹೇಳಿದ್ದು ಕೊಡಿ" ಎಂದರು.

ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವರಿಗೆ ಬೇಡವಾದದ್ದನ್ನು ನಾನು ಪ್ರೀತಿಯಿಂದಲೇ ಮಾಡಿದ್ದೆ, ಆದರೂ ತಪ್ಪಾಗಿತ್ತು. ಅದು ಹೇಗೆ ಎಂದು ಆಗ ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಮುಂದೆ ಬರೆಯುವ ಸಂಗತಿ ನಡೆಯುತ್ತಿರಲಿಲ್ಲ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಕೆಮ್ಮಣ್ಣಿನಲ್ಲಿ ಅದ್ದಿದ ನೂಲು ಮೀಟಿ ಗೆರೆ ಹಾಕಿ, ಸೀಮೆಸುಣ್ಣದಲ್ಲಿ ಅಕ್ಷರ ಬರೆದು, ಆಮೇಲೆ ಉಳಿ. ದಿನಕ್ಕೆ ಎರಡು ಸಾಲಾದರೆ ದೊಡ್ಡದು. ಆಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮರಳು ಊದುವ ಯಂತ್ರ ಬಂತು. ಈಗ ಸುಮಾಳ ಯಂತ್ರ, ಒಂದು ಲೋಟ ಚಹಾ ಕುಡಿಯುವುದರೊಳಗೆ ಒಂದು ವಂಶವೃಕ್ಷವನ್ನೇ ಕೊರೆದು ಕೊಡುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳು. ಆದರೆ ಕೈಕೆಲಸ ನಿಧಾನ, ಆ ನಿಧಾನದಲ್ಲಿ ಯೋಚನೆ ಮಾಡಲು ಸಮಯ ಸಿಗುತ್ತದೆ ಎಂದು ಕೆಲವರು ಹೊಗಳುವುದನ್ನು ಕೇಳಿದಾಗ ನಗು ಬರುತ್ತದೆ. ನನ್ನ ದೊಡ್ಡ ತಪ್ಪನ್ನು ನಾನು ಎರಡು ದಿನ ಕೂತು, ನಿಧಾನವಾಗಿ, ಕೈಯಿಂದಲೇ ಮಾಡಿದೆ.

ಹೊನ್ನಾವರ ತಾಲೂಕಿನ ಒಂದು ಹಳೆಯ ಇಗರ್ಜಿ. ಹೆದ್ದಾರಿ ಅಗಲವಾಗುವಾಗ ಅದರ ಅಂಗಳದ ಗೋಡೆ ಹಿಂದೆ ಸರಿಯಬೇಕಾಯಿತು. ಗೋಡೆಯ ಪಕ್ಕದಲ್ಲಿ ಯುದ್ಧದಲ್ಲಿ ಸತ್ತವರ ನೆನಪಿನ ಕಂಬವೊಂದಿತ್ತು. ಅದನ್ನು ಬಿಚ್ಚಿ, ಒಳಗಿನ ಜಾಗದಲ್ಲಿ ಮತ್ತೆ ನಿಲ್ಲಿಸುವ ಕೆಲಸ ನನಗೆ ಬಂತು. ನನಗೆ ಅರವತ್ತು ದಾಟಿತ್ತು, ಇದೇ ಕೊನೆಯ ದೊಡ್ಡ ಕೆಲಸ ಎಂದು ಒಪ್ಪಿಕೊಂಡೆ.

ಅಂಥ ಕಂಬವನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಕೆಳಗೆ ಚಿರೆಕಲ್ಲಿನ ಮೂರು ಮೆಟ್ಟಿಲು, ಮೇಲೆ ಆಳೆತ್ತರದ ಚೌಕದ ಕಪ್ಪು ಕಲ್ಲು, ತುದಿಯಲ್ಲಿ ಚಿಕ್ಕ ಶಿಲುಬೆ. ಹೆಸರುಗಳಿದ್ದ ಮುಖ ರಸ್ತೆಗಲ್ಲ, ಇಗರ್ಜಿಯ ಬಾಗಿಲಿಗೆ ತಿರುಗಿತ್ತು. ಪೂಜೆ ಮುಗಿಸಿ ಹೊರಬಂದವರಿಗೆ ಮೊದಲು ಕಾಣಬೇಕಾದ್ದು ಅದು. ಕೆಳಗೆ ಮೇಣದಬತ್ತಿ ಇಡಲು ಗೇಣಗಲದ ಕಟ್ಟೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿನವರೇ ಸೇರಿ ಮಾಡಿಸಿದ್ದು, ಸರ್ಕಾರದ್ದಲ್ಲ. ಆರು ಹೆಸರು, ಒಂದೊಂದರ ಮುಂದೆ ಸತ್ತ ವರ್ಷ. ಆಮೇಲೆ ಊರಿನವರಿಂದ ತಿಳಿದಂತೆ ಇಬ್ಬರು ಬ್ಯಾಂಡಿನಲ್ಲಿದ್ದವರು, ಇಬ್ಬರು ಅಡಿಗೆಯವರು, ಇಬ್ಬರು ಹಡಗಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರು. ಬಂದೂಕು ಹಿಡಿದವರು ಯಾರೂ ಇರಲಿಲ್ಲ. ಹೆಸರಿನ ಹಿಂದೆ ಮುಂದೆ ಹುದ್ದೆ ಕೆತ್ತಿರಲಿಲ್ಲ.

ಬಿಡಿಭಾಗಗಳಿಗೆ ಬಣ್ಣದಲ್ಲಿ ಸಂಖ್ಯೆ ಹಾಕಿ ಇಳಿಸಿದೆ, ಒಂದು ಮೂಲೆಯೂ ಮುಕ್ಕಾಗಲಿಲ್ಲ. ಮಳೆಗಾಲವಿಡೀ ಕಂಬ ಇಗರ್ಜಿಯ ಜಗಲಿಯಲ್ಲಿ ಮುಖ ಮೇಲಾಗಿ ಮಲಗಿತ್ತು. ನಾನು ಪಕ್ಕದಲ್ಲಿ ಕೂತು ಪಾಚಿ ಕೆರೆದು, ಮಾಸಿದ ಅಕ್ಷರಗಳನ್ನು ಆಳ ಮಾಡಿದೆ. ಆಗ ಗಮನಿಸಿದೆ. ನಾಲ್ಕು ಹೆಸರಾದ ಮೇಲೆ ಐದನೆಯ ಸಾಲು ಖಾಲಿ, ಅದರ ಕೆಳಗೆ ಮತ್ತೆ ಎರಡು ಹೆಸರು. ಖಾಲಿ ಸಾಲಿನಲ್ಲಿ ಕೂದಲೆಳೆಯಂಥ ಎರಡು ಗೆರೆ ಮಾತ್ರ ಎಳೆದಿತ್ತು, ಅಕ್ಷರ ಬರೆಯುವ ಮೊದಲು ನಾವು ಎಳೆಯುವ ಗೆರೆ. ಹಿಂದಿನವನು ಸಾಲು ಎಣಿಸುವಾಗ ತಪ್ಪಿದ್ದಾನೆ, ಒಂದು ಹೆಚ್ಚಾಗಿದೆ ಎಂದುಕೊಂಡೆ. ಪರರ ತಪ್ಪು ಕಂಡಾಗ ಆಗುವ ಸಣ್ಣ ಸಂತೋಷವೂ ಆಯಿತು ಎಂದು ಒಪ್ಪಿಕೊಳ್ಳಬೇಕು.

ಕೆಲಸ ನೋಡಿಕೊಳ್ಳುತ್ತಿದ್ದ ಸಮಿತಿಗೆ ಬಸ್ತ್ಯಾಂವ್ ಎಂಬುವರು ಮುಖ್ಯಸ್ಥರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರಿಗೆ ಕಂಬವನ್ನು ಮತ್ತೆ ನಿಲ್ಲಿಸಿದ್ದರ ಬಗ್ಗೆ ಒಂದು ಸಾಲು ಬೇಕಿತ್ತು. ಬೇರೆ ಚಿಕ್ಕ ಕಲ್ಲಿನಲ್ಲಿ ಬರೆದು ಮೆಟ್ಟಿಲಿಗೆ ಹಾಕುವ ಎಂದರು.

"ಬೇರೆ ಕಲ್ಲು ಎಂತಕ್ಕೆ? ಕಂಬದಲ್ಲೇ ಒಂದು ಸಾಲು ಖಾಲಿ ಅದ್ಯಲ್ಲ" ಎಂದವನು ನಾನೇ.

"ಹೌದಲ್ಲ ಮಾರಾಯ! ಆತು, ಅಲ್ಲೇ ಹಾಕು."

ಪಾದ್ರಿಯವರು ಮಂಗಳೂರು ಕಡೆಯವರು, ಬಂದು ವರ್ಷವಾಗಿರಲಿಲ್ಲ. ಅವರೂ ತಲೆಯಾಡಿಸಿದರು. ಎರಡು ದಿನ ಕೂತು ಆ ಸಾಲಿನಲ್ಲಿ 'ಪುನಃ ಸ್ಥಾಪಿಸಲಾಯಿತು' ಎಂದು ಕೆತ್ತಿ ಮುಂದೆ ವರ್ಷ ಹಾಕಿದೆ. ಉಳಿದ ಸಾಲುಗಳ ಅಕ್ಷರಕ್ಕೆ ಸರಿಯಾಗಿ ಹೊಂದುವ ಹಾಗೆ ಹಳೆಯ ಶೈಲಿಯಲ್ಲೇ ಕೆತ್ತಿದೆ. ಮಳೆ ಮುಗಿದ ಮೇಲೆ ಕಂಬ ಎದ್ದು ನಿಂತಿತು. ನೋಡಿದವರೆಲ್ಲ ಹೊಗಳಿದರು, ನಾನೂ ಮನಸ್ಸಿನಲ್ಲಿ ಹೊಗಳಿಕೊಂಡೆ.

ನವೆಂಬರ್ ತಿಂಗಳಲ್ಲಿ ಕ್ರೈಸ್ತರು ಸತ್ತವರನ್ನು ನೆನೆಯುವ ದಿನ ಬರುತ್ತದೆ. ಅಂದು ಕಂಬಕ್ಕೂ ಆಶೀರ್ವಾದ ಮಾಡುತ್ತೇವೆ, ಬನ್ನಿ ಎಂದು ನನ್ನನ್ನು ಕರೆದಿದ್ದರು. ಪೂಜೆ ಮುಗಿದು ಜನ ಚದುರುತ್ತಿದ್ದಾಗ ಒಬ್ಬ ಮುದುಕಿ ಕೋಲೂರಿಕೊಂಡು ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಮೇಣದಬತ್ತಿ ಹಚ್ಚಿಟ್ಟು, ಕಲ್ಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಒಂದೊಂದೇ ಸಾಲು ಸವರಿಕೊಂಡು ಇಳಿದರು. ಐದನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

"ಇದನ್ನ ಕೆತ್ತಿದವ ಯಾರು?" ಎಂದು ಕೇಳಿದರು.

"ನಾನು, ಬಾಯಮ್ಮ" ಎಂದೆ, ಹೊಗಳುತ್ತಾರೆಂದು.

"ಸುದ್ದಿ ಯಾವಾಗ ಬಂತು?"

"ಎಂತ ಸುದ್ದಿ?"

"ಅಪ್ಪಂದು. ನಂಗೆ ಯಾರೂ ಹೇಳ್ಲೇ ಇಲ್ವಲ್ಲ. ಎಲ್ಲಿ ತೀರ್ಕೊಂಡ್ರಂತೆ? ಬರ್ಮಾದಲ್ಲೇನಾ?"

ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಬಸ್ತ್ಯಾಂವರ ಮುಖ ಬಿಳಿಚಿಕೊಂಡಿತು. ಮುದುಕಿ ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಪಾದ್ರಿಯವರ ಹತ್ತಿರ ಹೋಗಿ ಭಾನುವಾರ ಅಪ್ಪನ ಹೆಸರಿನಲ್ಲಿ ಸತ್ತವರ ಪೂಜೆ ಆಗಬೇಕೆಂದು ಹೇಳಿ ಹೋದರು.

ಆಮೇಲೆ ಬಸ್ತ್ಯಾಂವ್ ಹಣೆ ಚಚ್ಚಿಕೊಂಡು ಹೇಳಿದ್ದು ಇದು. ಆ ಮುದುಕಿ ಕಾತ್ರಿನ್ ಬಾಯಿ. ಅಪ್ಪ ಇನಾಸ್ ಸೈನ್ಯದ ಪಲ್ಟನ್ನಿನಲ್ಲಿ ಅಡಿಗೆಯವನಾಗಿ ಹೋದಾಗ ಕಾತ್ರಿನ್ ಬಾಯಿ ಇನ್ನೂ ಹುಟ್ಟಿರಲಿಲ್ಲ. ಬರ್ಮಾದ ಕಡೆಯಿಂದ ಒಂದು ಕಾಗದ ಬಂತು, ಆಮೇಲೆ ಏನೂ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಕಂಬ ಮಾಡಿಸುವಾಗ ಊರಿನವರು ಅವನ ಹೆಸರನ್ನೂ ಹಾಕಹೊರಟರು. ಕಾತ್ರಿನಳ ಅಮ್ಮ ಲುಸಿಯಾ ಬಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳಂತೆ. ಸುದ್ದಿ ಬಂದ ಮೇಲೆ ಕೆತ್ತಿ, ಅಲ್ಲಿಯವರೆಗೆ ಮುಟ್ಟಬೇಡಿ ಎಂದಳಂತೆ. ಗೆರೆ ಎಳೆದಿದ್ದ ಕಲ್ಲುಕುಟಿಗ ಹಾಗೇ ಎದ್ದ. ಹೆಸರುಗಳು ಮನೆಗಳ ಸಾಲಿನಂತೆ ಇದ್ದವು, ಪಾದ್ರಿಗಳು ಮನೆಗಳಿಗೆ ಆಶೀರ್ವಾದ ಮಾಡಲು ಹೊಳೆಯ ಬದಿಯಿಂದ ಹತ್ತಿಕೊಂಡು ಬರುವ ಸಾಲು. ಹಾಗಾಗಿ ಇನಾಸನ ಮನೆಯ ಜಾಗ ನಡುವೆ ಖಾಲಿ ಉಳಿಯಿತು. ಲುಸಿಯಾ ಸಾಯುವವರೆಗೂ ಬಣ್ಣದ ಸೀರೆಯನ್ನೇ ಉಟ್ಟಳು, ಗಂಡನ ಹೆಸರಿನಲ್ಲಿ ಸತ್ತವರ ಪೂಜೆ ಮಾಡಿಸಲಿಲ್ಲ, ಮಗಳಿಗೂ ಮಾಡಿಸಲು ಬಿಡಲಿಲ್ಲ.

"ನನ್ನ ಅಬ್ಬೆ ಹತ್ತು ಸಲ ಹೇಳಿದ್ಲು ಈ ಕತೆ. ನಂಗೆ ನೆನಪೇ ಹೋಗಿತ್ತಲ್ಲ, ತಿಮ್ಮಪ್ಪ" ಎಂದು ಬಸ್ತ್ಯಾಂವ್ ಕೂತುಬಿಟ್ಟರು.

ಅವರದು ಮರೆವು. ನನ್ನದೇನು? ಆ ಎರಡು ಗೆರೆ ನನ್ನ ಕಸುಬಿನ ಗೆರೆ. ಅಲ್ಲಿ ಒಬ್ಬ ಕೆಲಸಗಾರ ಬೇಕೆಂದೇ ಕೈ ತಡೆದಿದ್ದಾನೆ ಎಂದು ಊರಿನಲ್ಲಿ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು.

ಭಾನುವಾರಕ್ಕೆ ನಾಲ್ಕು ದಿನವಿತ್ತು. ಪಾದ್ರಿಯವರು, ಬಸ್ತ್ಯಾಂವ್, ನಾನು ದಿನಾ ಜಗಲಿಯಲ್ಲಿ ಕೂತು ಅದನ್ನೇ ತಿರುಗಿಸಿ ತಿರುಗಿಸಿ ಮಾತಾಡಿದೆವು. ಸುಮ್ಮನಿದ್ದರೆ ಮುದುಕಿ ನೆಮ್ಮದಿಯಿಂದ ಪೂಜೆ ಮಾಡಿಸುತ್ತಾರೆ, ಆದರೆ ಅದು ಬಾರದ ಸುದ್ದಿಯ ಮೇಲೆ ಮಾಡಿಸಿದ ಪೂಜೆ. ನಿಜ ಹೇಳಿದರೆ ಆ ವಯಸ್ಸಿನಲ್ಲಿ ಅಪ್ಪನನ್ನು ಮತ್ತೆ ಕಾಯಲು ಹಚ್ಚಿದ ಹಾಗೆ. ಬದುಕಿದ್ದರೆ ನೂರು ದಾಟಿರುವ ಮನುಷ್ಯ, ಸತ್ತಿದ್ದಾನೆಂದು ಯಾರಿಗೆ ಗೊತ್ತಿಲ್ಲ? ಹಾಗಾದರೆ ಬರಬೇಕಾದ ಸುದ್ದಿ ಎಂದರೆ ಯಾವುದು?

"ಸುಳ್ಳಿಗೆ ನಾನು ಒಪ್ಪುವ ಹಾಗಿಲ್ಲ. ನಿಜ ಹೇಳಲಿಕ್ಕೆ ಧೈರ್ಯವೂ ಇಲ್ಲ. ನನಗೆ ಏನೂ ತೋಚುವುದಿಲ್ಲ, ತಿಮ್ಮಪ್ಪನವರೇ" ಎಂದರು ಪಾದ್ರಿಯವರು. ಪಾದ್ರಿಗೇ ತೋಚದಿದ್ದರೆ ನಾನೇನು ಮಾಡಲಿ ಎಂದು ನನಗೆ ಸಿಟ್ಟೇ ಬಂತು.

ಶನಿವಾರ ಬೆಳಿಗ್ಗೆ ನಾನೊಬ್ಬನೇ ಕಾತ್ರಿನ್ ಬಾಯಿಯ ಮನೆಗೆ ಹೋದೆ. ಜಗಲಿಯಲ್ಲಿ ಕಪ್ಪು ಸೀರೆ ಉಟ್ಟು ಕೂತಿದ್ದರು. ಯಾರದೋ ಸೀರೆ ಇಸಿದುಕೊಂಡದ್ದಿರಬೇಕು, ಉದ್ದವಾಗಿತ್ತು. ನಿಂತೇ ಹೇಳಿದೆ.

"ಬಾಯಮ್ಮ, ಅಲ್ಲಿ ಕೆತ್ತಿದ್ದು ನಿಮ್ಮ ಅಪ್ಪನ ಹೆಸ್ರಲ್ಲ. ಕಂಬ ಮತ್ತೆ ನಿಲ್ಲಿಸಿದ್ದು ಬರ್ದದ್ದು. ಸುದ್ದಿ ಯಾವ್ದೂ ಬಂದಿಲ್ಲ. ಜಾಗ ಖಾಲಿ ಅದೆ ಅಂತ ನಾನೇ ಕೆತ್ತಿದೆ."

ಅವರು ಕೋಲನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು.

"ನಿಂಗೆ ಓದೂಕೆ ಬರ್ತದಲ್ಲ?"

"ಬರ್ತದೆ."

"ಕೇಳೂಕೆ ಬರೂದಿಲ್ವಾ?"

ನಾನು ತಲೆ ತಗ್ಗಿಸಿದೆ. ಅಷ್ಟು ವರ್ಷದ ಕೆಲಸದಲ್ಲಿ ನಾಗೇಶ ಆಚಾರ್ರ ಪಿಸುಮಾತೂ ನನ್ನನ್ನು ಅಷ್ಟು ಕುಗ್ಗಿಸಿರಲಿಲ್ಲ.

"ನಾಲ್ಕು ದಿನದಿಂದ ಅಳ್ತಿದ್ದೇನೆ" ಎಂದರು ಕಾತ್ರಿನ್ ಬಾಯಿ. "ಅಮ್ಮ ನಂಗೆ ಅಳೂಕೇ ಬಿಡ್ಲಿಲ್ಲ. ಬರೂವವರಿಗೆ ಯಾರಾದ್ರೂ ಅಳ್ತಾರಾ ಅಂತಿದ್ಲು. ಹುಟ್ಟಿದ ಮೇಲೆ ಅಪ್ಪನಿಗೆ ಅಂತ ಅತ್ತದ್ದು ಇದೇ ಮೊದ್ಲು. ಅದನ್ನ ಈಗ ವಾಪಸ್ ತಗೊಳ್ಳೂದು ಹ್ಯಾಂಗೆ, ಹೇಳು."

ಭಾನುವಾರದ ಪೂಜೆ ನಿಂತಿತು.

ಕಲ್ಲಿನಲ್ಲಿ ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ, ತಗ್ಗಿಸಲು ಬರುತ್ತದೆ. ಆ ಸಾಲನ್ನಷ್ಟೇ ಅರ್ಧ ಬೆರಳು ಆಳಕ್ಕೆ ಕಡಿದು ನಯ ಮಾಡಿದೆ. ಅಕ್ಷರಗಳು ಹೋದವು, ಹಿಂದಿನವನ ಎರಡು ಗೆರೆಯೂ ಹೋದವು. ಒಂಬತ್ತು ದಿನ ಹಿಡಿಯಿತು. ಮುಗಿದ ದಿನ ಕಾತ್ರಿನ್ ಬಾಯಿಯನ್ನು ಕರೆಸಿದೆವು. ಅವರು ತಗ್ಗಿನೊಳಗೆ ಬೆರಳಾಡಿಸಿ ನೋಡಿದರು.

"ಮೊದ್ಲಿನ ಹಾಂಗೆ ಖಾಲಿ ಮಾಡಿದ್ದೇನೆ, ಬಾಯಮ್ಮ. ಇನ್ನು ಯಾರೂ ಮುಟ್ಟೂದಿಲ್ಲ" ಎಂದೆ.

"ಖಾಲಿ ಬಿಟ್ಟು ಎಂತ ಮಾಡೂದು? ನಾಳೆ ನಾನೂ ಇರೂದಿಲ್ಲ. ಇನ್ನೊಬ್ಬ ತಿಮ್ಮಪ್ಪ ಬರ್ತಾನೆ, ಮತ್ತೆಂತಾದ್ರೂ ಬರೀತಾನೆ."

"ಹಾಂಗಾದ್ರೆ ಅಪ್ಪನ ಹೆಸ್ರು ಕೆತ್ಲಾ?"

"ಬೇಡ. ಅಮ್ಮ ಬೇಡ ಅಂದದ್ದು ಬೇಡವೇ. ಅಮ್ಮನ ಹೆಸ್ರು ಹಾಕು. ಅವಳ ಸುದ್ದಿ ನಂಗೆ ಗೊತ್ತದೆ. ನಾನೇ ಮಣ್ಣು ಹಾಕಿದ್ದು."

ಬಸ್ತ್ಯಾಂವ್ ಮೆಲ್ಲಗೆ, ಇದು ಯುದ್ಧಕ್ಕೆ ಹೋದವರ ಕಂಬ, ನಾಳೆ ಎಲ್ಲರೂ ಅವರವರ ಅಜ್ಜಿಯ ಹೆಸರು ಹಾಕಿ ಅಂದರೆ ಏನು ಮಾಡೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಲುಸಿಯಾ ಕುಮಟಾದ ಪೇಟೆಯಿಂದಾಚೆ ಹೋದವಳೇ ಅಲ್ಲ. ಆದರೆ ಅವಳ ಹೆಸರು ಎಲ್ಲೂ ಇರಲಿಲ್ಲ. ಆ ಊರಿನ ಬಡವರ ಗೋರಿಗೆ ಕಲ್ಲಿಲ್ಲ, ಕೆಲವು ವರ್ಷವಾದ ಮೇಲೆ ಅದೇ ಗುಂಡಿಯಲ್ಲಿ ಮತ್ತೊಬ್ಬರನ್ನು ಇಡುತ್ತಾರೆ.

ಪಾದ್ರಿಯವರು ಉಳಿದ ಆರು ಮನೆಯವರನ್ನು ಕೇಳಿ ಬರುತ್ತೇನೆಂದು ಹೋದರು, ಹೊಳೆಯ ಬದಿಯಿಂದ, ಅದೇ ಸಾಲಿನಲ್ಲಿ. ಇಬ್ಬರು ಹೂಂ ಎಂದರು. ಮೂವರು, ಎಂತದೋ ನಿಮಗೆ ಸರಿ ಕಂಡಂತೆ ಮಾಡಿ ಎಂದರು. ಒಂದು ಮನೆಗೆ ಬೀಗ ಹಾಕಿತ್ತು. ಇದನ್ನು ಒಪ್ಪಿಗೆ ಎನ್ನಬೇಕೋ ಬೇಡವೋ ತಿಳಿಯದೆ ಅವರು ಮರಳಿ ಬಂದು ನನ್ನ ಮುಖ ನೋಡಿದರು. ನಾನು ಉಳಿ ತೆಗೆದುಕೊಂಡೆ. ಈ ಸಲ ಅರ್ಥ ನೋಡಿಕೊಂಡೇ ಕೆತ್ತಿದೆ. ಹೆಸರಿನ ಮುಂದೆ ಲುಸಿಯಾ ತೀರಿಕೊಂಡ ವರ್ಷ ಹಾಕಿದೆ, ಉಳಿದವರ ವರ್ಷಗಳಿಗಿಂತ ತುಂಬಾ ಈಚಿನದು.

ಅದನ್ನು ನೋಡಿದವರು ಈಗಲೂ ತಬ್ಬಿಬ್ಬಾಗುತ್ತಾರೆ. ಫೋಟೋ ತೆಗೆಯಲು ಬಂದ ಒಬ್ಬರು, ಈ ಹೆಂಗಸು ಯುದ್ಧದಲ್ಲಿ ನರ್ಸ್ ಆಗಿದ್ದರಾ ಎಂದು ನನ್ನನ್ನೇ ಕೇಳಿದರು. ಅಲ್ಲ ಎಂದೆ. ಮತ್ತೆ ಇಲ್ಲಿ ಯಾಕೆ ಎಂದರು. ಹೇಳಲು ಬಾಯಿ ತೆರೆದೆ, ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಮಾಡಿದ್ದು ಸರಿಯೋ ಎಂದು ಸುಮಾ ಕೇಳಿದರೆ, ಸಾಲು ಖಾಲಿ ಕಂಡರೆ ಯಾರದೆಂದು ಮೊದಲು ಕೇಳು ಎಂದಷ್ಟೇ ಹೇಳುತ್ತೇನೆ.

ಕೆತ್ತನೆ ಮುಗಿದ ಮರುದಿನ ಕಾತ್ರಿನ್ ಬಾಯಿ ಮತ್ತೆ ಪೂಜೆಗೆ ಹೇಳಿದರು.

"ಅಮ್ಮನ ಹೆಸ್ರಲ್ಲಿ ಮಾಡಿ ಫಾದರ್. ಅಪ್ಪನ ಹೆಸ್ರು ಮಾತ್ರ ಓದ್ಬೇಡಿ" ಎಂದರು.

ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಗೊತ್ತಾಗದೆ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಎದ್ದೆ, ತಡವಾಗಿ ಕೂತೆ. ಪಾದ್ರಿಯವರು ಲುಸಿಯಾಳ ಹೆಸರನ್ನು ಗಟ್ಟಿಯಾಗಿ ಓದಿದರು. ಮುಂದಿನ ಪ್ರಾರ್ಥನೆ ಶುರು ಮಾಡುವ ಮೊದಲು, ಯಾಕೋ, ಇನ್ನೊಂದು ಹೆಸರು ಓದುವಷ್ಟು ಹೊತ್ತು ಸುಮ್ಮನೆ ನಿಂತರು. ಮುಂದಿನ ಸಾಲಿನಲ್ಲಿ ಕಾತ್ರಿನ್ ಬಾಯಿಯ ತುಟಿ ಅಲ್ಲಾಡಿತು.